ಹಸಿರು ನ್ಯಾಯಮಂಡಳಿ: ಉಂಡ ಮನೆಯ ಜಂತೆ ಎಣಿಸುವವರಾರು?

ನ್ಯಾಯಪೀಠದಲ್ಲಿ ಕೂರುವವರ ಸಂಬಳದ ವಿಷಯ ಸಾಮಾನ್ಯವಾಗಿ ಸಾರ್ವಜನಿಕ ಚರ್ಚೆಗೆ ಬರುವುದಿಲ್ಲ. ಬಂದರೂ ಅದು ಹಣಕಾಸು ಇಲಾಖೆಯ ಕಡತಕ್ಕೆ ಸೇರಿದ ಸಂಗತಿ ಎಂದು ಬದಿಗೆ ಸರಿಸುತ್ತೇವೆ. ಆದರೆ ಕೆರೆಯ ನೊರೆ, ಕಾರ್ಖಾನೆಯ ಹೊಗೆ, ಗಣಿಯ ದೂಳು, ಅಣೆಕಟ್ಟಿನ ಅನುಮತಿಯಂತಹ ವ್ಯಾಜ್ಯಗಳನ್ನೇ ವಿಚಾರಣೆ ನಡೆಸಲೆಂದು ರಚಿತವಾದ ನ್ಯಾಯಪೀಠದ ಮಟ್ಟಿಗೆ ಈ ಉದಾಸೀನ ಸಲ್ಲದು. ಅಲ್ಲಿ ಕುಳಿತವರಿಗೆ ಯಾರು, ಎಷ್ಟು, ಯಾವ ಷರತ್ತಿನ ಮೇಲೆ ಹಣ ಕೊಡುತ್ತಾರೆ ಎಂಬ ಪ್ರಶ್ನೆ ಅಲ್ಲಿಂದ ಹೊರಡುವ ತೀರ್ಪಿನ ಗುಣಮಟ್ಟಕ್ಕೆ ನೇರವಾಗಿ ಸಂಬಂಧಿಸಿದ್ದು. ಏಕೆಂದರೆ ಪರಿಸರ ವ್ಯಾಜ್ಯಗಳಲ್ಲಿ ಪ್ರತಿವಾದಿಯ ಸ್ಥಾನದಲ್ಲಿ ಮತ್ತೆ ಮತ್ತೆ ನಿಲ್ಲುವುದು ಸರ್ಕಾರ ಅಥವಾ ಅದರ ಅಂಗಸಂಸ್ಥೆ. ಸಂಬಳ ನಿಗದಿ ಮಾಡುವುದೂ ಅದೇ ಸರ್ಕಾರ. ಉಂಡ ಮನೆಯ ಜಂತೆ ಎಣಿಸಬಾರದು ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ಪರಿಸರ ನ್ಯಾಯಪೀಠಕ್ಕೆ ವಹಿಸಿರುವ ಕೆಲಸವಾದರೋ ಜಂತೆ ಎಣಿಸುವುದೇ ಆಗಿದೆ.

ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೂ ವೇತನ ಬರುವುದು ಸರ್ಕಾರದ ಬೊಕ್ಕಸದಿಂದಲೇ ಅಲ್ಲವೇ ಎಂದು ಕೇಳಬಹುದು. ನಿಜ. ಆದರೆ ಸಂವಿಧಾನ ರಚಿಸಿದವರು ಅಲ್ಲೊಂದು ಎಚ್ಚರ ವಹಿಸಿದ್ದರು. ನ್ಯಾಯಮೂರ್ತಿಗಳ ವೇತನ ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುವ ವೆಚ್ಚ. ಅದನ್ನು ಶಾಸನಸಭೆಯಲ್ಲಿ ಮತಕ್ಕೆ ಹಾಕುವಂತಿಲ್ಲ. ಮೊತ್ತವನ್ನು ನಿರ್ಧರಿಸುವುದು ಸಂಸತ್ತು ಮಾಡಿದ ಕಾನೂನು, ಯಾವುದೋ ಇಲಾಖೆಯ ಅಧಿಸೂಚನೆಯಲ್ಲ. ನ್ಯಾಯಮಂಡಳಿಗಳಿಗೆ ಈ ರಕ್ಷಣೆ ಇಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವೆಚ್ಚಕ್ಕೆ ಕೇಂದ್ರ ಪರಿಸರ ಸಚಿವಾಲಯದ ಅನುದಾನದಲ್ಲೇ ಹಣ ಒದಗಬೇಕು. ಯಾವ ಸಚಿವಾಲಯ ನೀಡಿದ ಅನುಮತಿಯನ್ನು ನ್ಯಾಯಮಂಡಳಿ ಮೇಲ್ಮನವಿಯಲ್ಲಿ ಪರಿಶೀಲಿಸುತ್ತದೆಯೋ, ಅದೇ ಸಚಿವಾಲಯದ ಬಜೆಟ್ಟಿನಲ್ಲಿ ಅದರ ಊಟದ ಎಲೆಯೂ ಇದೆ.

ಈ ವ್ಯವಸ್ಥೆ ಹೇಗೆ ಬಂತು ಎಂಬುದನ್ನು ನೆನೆಯುವುದು ಉಪಯುಕ್ತ. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ, 1986ರಲ್ಲೇ, ಪರಿಸರ ವ್ಯಾಜ್ಯಗಳಿಗೆ ನ್ಯಾಯಾಧೀಶರ ಜೊತೆಗೆ ವಿಷಯತಜ್ಞರೂ ಕೂರುವ ಪ್ರತ್ಯೇಕ ನ್ಯಾಯಾಲಯಗಳು ಬೇಕೆಂದು ಸುಪ್ರೀಂ ಕೋರ್ಟ್ ಸೂಚಿಸಿತು. 1995ರಲ್ಲಿ ರಾಷ್ಟ್ರೀಯ ಪರಿಸರ ನ್ಯಾಯಮಂಡಳಿ ಕಾಯ್ದೆ ಬಂತು; ನ್ಯಾಯಮಂಡಳಿ ಮಾತ್ರ ರಚನೆಯಾಗಲೇ ಇಲ್ಲ. 1997ರಲ್ಲಿ ಪರಿಸರ ಅನುಮತಿಗಳ ವಿರುದ್ಧ ಮೇಲ್ಮನವಿ ಆಲಿಸಲು ರಾಷ್ಟ್ರೀಯ ಪರಿಸರ ಮೇಲ್ಮನವಿ ಪ್ರಾಧಿಕಾರ ರಚಿತವಾಯಿತು. ಅದರ ಮೊದಲ ಅಧ್ಯಕ್ಷರ ಅವಧಿ 2000ದಲ್ಲಿ ಮುಗಿದ ಮೇಲೆ, 2010ರಲ್ಲಿ ಪ್ರಾಧಿಕಾರವೇ ರದ್ದಾಗುವವರೆಗೂ ಆ ಕುರ್ಚಿ ಖಾಲಿ ಬಿದ್ದಿತ್ತು. ದೇಶದ ಉದ್ದಗಲಕ್ಕೂ ಗಣಿಗಾರಿಕೆ, ಜಲವಿದ್ಯುತ್, ಉಷ್ಣವಿದ್ಯುತ್ ಯೋಜನೆಗಳಿಗೆ ಅನುಮತಿ ನೀಡಲಾಗುತ್ತಿದ್ದ ದಶಕವದು. ಅನುಮತಿ ನೀಡುವ ಕಚೇರಿ ಭರ್ತಿಯಾಗಿತ್ತು. ಪ್ರಶ್ನಿಸುವವರ ಅಹವಾಲು ಕೇಳಬೇಕಾದ ಕುರ್ಚಿ ಬರಿದಾಗಿತ್ತು.

ಈ ನಡುವೆ, 1999ರಲ್ಲಿ ಎಂ.ವಿ. ನಾಯುಡು ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರು, ವಿಜ್ಞಾನದ ಜಟಿಲ ಪ್ರಶ್ನೆಗಳನ್ನು ಕೇವಲ ಕಾನೂನು ಓದಿದವರು ನಿರ್ಣಯಿಸುವುದರ ತೊಡಕನ್ನು ವಿವರವಾಗಿ ಚರ್ಚಿಸಿದರು. ಅವರೇ ಅಧ್ಯಕ್ಷರಾಗಿದ್ದ ಕಾನೂನು ಆಯೋಗ 2003ರ ತನ್ನ 186ನೇ ವರದಿಯಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಪರಿಸರ ನ್ಯಾಯಾಲಯಗಳನ್ನು ಅಭ್ಯಸಿಸಿ, ಅಂತಹವೇ ನಮ್ಮಲ್ಲೂ ಬೇಕೆಂದು ಶಿಫಾರಸು ಮಾಡಿತು. ಕೊನೆಗೆ 2010ರ ಅಕ್ಟೋಬರ್ 18ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಜಾರಿಗೆ ಬಂತು. ದೆಹಲಿಯಲ್ಲಿ ಪ್ರಧಾನ ಪೀಠ. ಭೋಪಾಲ್, ಪುಣೆ, ಕೋಲ್ಕತ್ತ, ಚೆನ್ನೈಗಳಲ್ಲಿ ವಲಯ ಪೀಠಗಳು. ಕರ್ನಾಟಕ ಚೆನ್ನೈ ಪೀಠದ ವ್ಯಾಪ್ತಿಯಲ್ಲಿದೆ.

ಕಾಗದದ ಮೇಲೆ ಈ ಕಾಯ್ದೆ ಉದಾರವಾಗಿದೆ. ಪೀಠದಲ್ಲಿ ನ್ಯಾಯಾಂಗ ಸದಸ್ಯರು ಎಷ್ಟು ಮಂದಿಯೋ ತಜ್ಞ ಸದಸ್ಯರೂ ಅಷ್ಟೇ ಮಂದಿ ಇರಬೇಕು. ತಜ್ಞರು ಸಲಹೆ ನೀಡಿ ಸುಮ್ಮನಾಗುವವರಲ್ಲ. ತೀರ್ಪಿನಲ್ಲಿ ಅವರಿಗೂ ಮತವಿದೆ. ಪರಿಹಾರದ ಬೇಡಿಕೆ ಇಲ್ಲದ ಅರ್ಜಿಗೆ ಶುಲ್ಕ ಕೇವಲ ಒಂದು ಸಾವಿರ ರೂಪಾಯಿ ಎಂದು ನಿಯಮ ಮಾಡಲಾಯಿತು. ನೇಮಕದ ನಂತರ ಸದಸ್ಯರ ವೇತನ, ಭತ್ಯೆ, ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ ಎಂಬ ರಕ್ಷಣೆಯೂ ಕಾಯ್ದೆಯಲ್ಲಿದೆ. ಆದರೆ ವೇತನ ಎಷ್ಟು, ಭತ್ಯೆ ಏನು ಎಂಬುದನ್ನು ಕೇಂದ್ರ ಸರ್ಕಾರ ನಿಯಮಗಳ ಮೂಲಕ ಗೊತ್ತುಪಡಿಸಲಿ ಎಂದು ಅದೇ ಕಾಯ್ದೆ ಕೈತೊಳೆದುಕೊಂಡಿತು. ಮುಂದಿನ ಒಂದೂವರೆ ದಶಕದ ತಕರಾರಿನ ಬೀಜ ಈ ಸಾಲಿನಲ್ಲಿತ್ತು.

ಆರಂಭದಲ್ಲೇ ಇದರ ರುಚಿ ಕಂಡಿತು. ನ್ಯಾಯಮಂಡಳಿಯ ಮೊದಲ ವರ್ಷಗಳಲ್ಲಿ ಸದಸ್ಯರಿಗೆ ವಾಸದ ಮನೆ, ಪೀಠಗಳಿಗೆ ಕಟ್ಟಡ, ಸಿಬ್ಬಂದಿಯಂತಹ ಕನಿಷ್ಠ ಸೌಕರ್ಯವೂ ಇಲ್ಲ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿಂದ ಆದೇಶದ ಮೇಲೆ ಆದೇಶ ಹೊರಟ ನಂತರವಷ್ಟೇ ವಲಯ ಪೀಠಗಳು ಒಂದೊಂದಾಗಿ ಕಣ್ಣು ಬಿಟ್ಟವು. ಕಾಯ್ದೆಯ ಪ್ರಕಾರ ಕನಿಷ್ಠ ಹತ್ತು ನ್ಯಾಯಾಂಗ ಸದಸ್ಯರು, ಕನಿಷ್ಠ ಹತ್ತು ತಜ್ಞ ಸದಸ್ಯರು ಇರಲೇಬೇಕು. ಈ ಕನಿಷ್ಠ ಸಂಖ್ಯೆಯೂ ತುಂಬದೆ ನ್ಯಾಯಮಂಡಳಿ ವರ್ಷಗಟ್ಟಲೆ ನಡೆದಿದೆ. 2017ರ ಡಿಸೆಂಬರಿನಲ್ಲಿ ಅಧ್ಯಕ್ಷರು ನಿವೃತ್ತರಾದ ಬಳಿಕ ಮುಂದಿನ ಅಧ್ಯಕ್ಷರು ಬಂದದ್ದು 2018ರ ಜುಲೈನಲ್ಲಿ.

ಈಗ ಸಂಬಳದ ಲೆಕ್ಕಕ್ಕೆ ಬರೋಣ. 2021ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನ್ಯಾಯಮಂಡಳಿಗಳ ಸೇವಾ ಷರತ್ತು ನಿಯಮಗಳು ಅಧ್ಯಕ್ಷರಿಗೆ ತಿಂಗಳಿಗೆ 2,50,000 ರೂಪಾಯಿ, ಸದಸ್ಯರಿಗೆ 2,25,000 ರೂಪಾಯಿ ನಿಗದಿ ಮಾಡಿದವು. ಹೈಕೋರ್ಟ್ ನ್ಯಾಯಮೂರ್ತಿಗೆ, ಕೇಂದ್ರ ಸರ್ಕಾರದ ಕಾರ್ಯದರ್ಶಿಗೆ 2016ರಿಂದ ಅನ್ವಯವಾದ ಮೂಲವೇತನವೂ 2,25,000 ರೂಪಾಯಿಯೇ. ನ್ಯಾಯಾಂಗ ಸದಸ್ಯ, ತಜ್ಞ ಸದಸ್ಯ ಎಂಬ ಭೇದವಿಲ್ಲದೆ ಇಬ್ಬರಿಗೂ ಒಂದೇ ವೇತನ. ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಮೂಲವೇತನ ಆರಂಭವಾಗುವುದು 1,44,200 ರೂಪಾಯಿಯಿಂದ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಈ ಮೊತ್ತವನ್ನು ಯಾರೂ ಅಲ್ಪವೆನ್ನಲಾರರು. ಆದ್ದರಿಂದ ಸಮಸ್ಯೆ ಸಂಬಳ ಕಡಿಮೆ ಎಂಬುದಲ್ಲ. ಸಮಸ್ಯೆ ಇರುವುದು ಅದರ ಸುತ್ತ ಹೆಣೆದ ಷರತ್ತುಗಳಲ್ಲಿ.

ಮೊದಲನೆಯ ಷರತ್ತು: ನೇಮಕಗೊಂಡವರು ಪಿಂಚಣಿ ಪಡೆಯುತ್ತಿದ್ದರೆ ಆ ಪಿಂಚಣಿಯ ಪೂರ್ಣ ಮೊತ್ತವನ್ನು ವೇತನದಿಂದ ಕಳೆಯಲಾಗುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಯ ಪೂರ್ಣ ಪಿಂಚಣಿ ವರ್ಷಕ್ಕೆ 13.5 ಲಕ್ಷ ರೂಪಾಯಿ. ಎಂದರೆ ತಿಂಗಳಿಗೆ 1,12,500 ರೂಪಾಯಿ. ಅಂಥವರು ಸದಸ್ಯರಾದರೆ ಅವರ ಕೆಲಸಕ್ಕೆಂದು ಬೊಕ್ಕಸದಿಂದ ಹೊಸದಾಗಿ ಹೋಗುವ ಮೂಲವೇತನ ಉಳಿದ 1,12,500 ರೂಪಾಯಿ ಮಾತ್ರ. ನಿವೃತ್ತ ಕಾರ್ಯದರ್ಶಿಯ ಲೆಕ್ಕವೂ ಬಹುತೇಕ ಹೀಗೆಯೇ. ಪುನರ್ನೇಮಕಗೊಂಡ ನೌಕರರಿಗೆ ಇಂತಹ ಕಡಿತ ಹೊಸತೇನಲ್ಲ, ತಪ್ಪೂ ಅಲ್ಲ. ಆದರೆ ನಿಯಮ ಬರೆದವರ ಕಣ್ಣ ಮುಂದಿದ್ದ ಸದಸ್ಯನ ಚಿತ್ರ ಯಾವುದು ಎಂಬುದನ್ನು ಅದು ಬಯಲು ಮಾಡುತ್ತದೆ. ಆತ ಸೇವೆ ಮುಗಿಸಿದ, ಪಿಂಚಣಿ ಕೈಯಲ್ಲಿರುವ, ದೆಹಲಿಯಲ್ಲೋ ಚೆನ್ನೈಯಲ್ಲೋ ಮತ್ತೆ ಕೆಲವು ವರ್ಷ ಕಳೆಯಲು ತೊಡಕಿಲ್ಲದ ವ್ಯಕ್ತಿ.

ಈ ಚಿತ್ರಕ್ಕೆ ಹೊಂದದ ಇನ್ನೊಬ್ಬ ವ್ಯಕ್ತಿಯನ್ನು ಊಹಿಸಿಕೊಳ್ಳಿ. ನಲವತ್ತೈದರ ಆಸುಪಾಸಿನ ಅಂತರ್ಜಲ ವಿಜ್ಞಾನಿ. ಡಾಕ್ಟರೇಟ್ ಪಡೆದು ಹದಿನೈದು ವರ್ಷ ಸಂಶೋಧನೆ ನಡೆಸಿದ್ದಾರೆ. ಅದರಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಪರಿಸರ ಕ್ಷೇತ್ರದಲ್ಲೇ ದುಡಿದಿದ್ದಾರೆ. 2010ರ ಕಾಯ್ದೆಯ ಅರ್ಹತೆಯ ಪ್ರಕಾರ ಇವರು ತಜ್ಞ ಸದಸ್ಯರಾಗಬಹುದಿತ್ತು. 2004ರ ನಂತರ ಕೇಂದ್ರದ ಸೇವೆಗೆ ಸೇರಿದ್ದರೆ ಇವರಿಗೆ ಹಳೆಯ ಮಾದರಿಯ ಪಿಂಚಣಿ ಇಲ್ಲ. ಸದಸ್ಯರಾದ ಅವಧಿಯಲ್ಲಿ ಬೇರೆ ಹುದ್ದೆ ಹೊಂದುವಂತಿಲ್ಲ. ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಬೇರೆ ಊರಿಗೆ ಸಾಗಿಸಬೇಕು. ನಾಲ್ಕೈದು ವರ್ಷದ ಬಳಿಕ ಪ್ರಯೋಗಾಲಯಕ್ಕೆ ಮರಳಿದಾಗ ತಮ್ಮ ಜಾಗ ಉಳಿದಿರುತ್ತದೆಯೇ ಎಂಬ ಚಿಂತೆ ಬೇರೆ. ಇಷ್ಟು ಸಾಲದೆಂಬಂತೆ 2021ರಲ್ಲಿ ನ್ಯಾಯಮಂಡಳಿಗಳ ಸುಧಾರಣಾ ಕಾಯ್ದೆ ಐವತ್ತು ವರ್ಷ ತುಂಬದವರಿಗೆ ಬಾಗಿಲು ಮುಚ್ಚಿತು. ತಜ್ಞ ಸದಸ್ಯರ ಸ್ಥಾನಕ್ಕೆ ಬಂದವರಲ್ಲಿ ನಿವೃತ್ತ ಅರಣ್ಯ ಸೇವೆಯ ಅಧಿಕಾರಿಗಳೇ ಎದ್ದು ಕಾಣುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅರಣ್ಯಾಧಿಕಾರಿಗಳ ಅನುಭವವನ್ನು ಹಗುರವಾಗಿ ಕಾಣುವ ಮಾತಲ್ಲ ಇದು. ಕಾಡಿನ ಕಾನೂನು, ಕಡತದ ನಡೆ, ಕೆಳಹಂತದ ವಾಸ್ತವ ಇವುಗಳನ್ನು ಅವರಷ್ಟು ಬಲ್ಲವರು ವಿರಳ. ಆದರೆ ವಿಷಕಾರಿ ತ್ಯಾಜ್ಯದ ರಸಾಯನಶಾಸ್ತ್ರ, ನದಿಮುಖಜದ ಜೀವಿವಿಜ್ಞಾನ, ವಾಯುಮಾಲಿನ್ಯದ ಗಣಿತ ಮಾದರಿಗಳು ಬೇರೆಯದೇ ವಿದ್ಯೆ. ಸರ್ಕಾರದೊಳಗೇ ಬೆಳೆದವರು ಮತ್ತು ಅದರ ಹೊರಗೆ ನಿಂತು ನೋಡಿದವರು ಇಬ್ಬರೂ ಪೀಠದಲ್ಲಿರಬೇಕೆಂಬುದೇ ತಜ್ಞ ಸದಸ್ಯತ್ವದ ಮೂಲ ಆಶಯ. ವೇತನದ ಷರತ್ತುಗಳು ಒಂದು ವರ್ಗದವರಿಗೆ ಮಾತ್ರ ಅನುಕೂಲವಾಗಿದ್ದರೆ, ಆಯ್ಕೆ ಸಮಿತಿ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಅದರ ಮುಂದೆ ಬರುವ ಅರ್ಜಿಗಳೇ ಏಕಮುಖವಾಗಿರುತ್ತವೆ.

ಎರಡನೆಯ ಷರತ್ತು ಅವಧಿಯದು. 2010ರ ಕಾಯ್ದೆ ಸದಸ್ಯರಿಗೆ ಐದು ವರ್ಷದ ಒಂದೇ ಅವಧಿ ನೀಡಿ, ಮರುನೇಮಕವನ್ನು ನಿಷೇಧಿಸಿತ್ತು. ಇದು ವಿವೇಕದ ನಿರ್ಧಾರ. ಮತ್ತೆ ನೇಮಕವಾಗುವ ಆಸೆಯೇ ಇಲ್ಲದವನಿಗೆ ನೇಮಿಸುವವರ ಮುಖ ನೋಡುವ ಅಗತ್ಯವಿರುವುದಿಲ್ಲ. 2017ರ ಹಣಕಾಸು ಕಾಯ್ದೆ ಹಸಿರು ನ್ಯಾಯಮಂಡಳಿಯನ್ನೂ ಸೇರಿಸಿ ಹಲವು ನ್ಯಾಯಮಂಡಳಿಗಳ ಅರ್ಹತೆ, ವೇತನ, ಅವಧಿಗಳನ್ನು ನಿಯಮಗಳ ಮೂಲಕ ನಿರ್ಧರಿಸುವ ಅಧಿಕಾರವನ್ನು ಕಾರ್ಯಾಂಗಕ್ಕೆ ಒಪ್ಪಿಸಿತು. ಆ ನಿಯಮಗಳನ್ನು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. 2020ರಲ್ಲಿ ಹೊಸ ನಿಯಮಗಳು ಬಂದವು. ಅದೇ ವರ್ಷದ ನವೆಂಬರಿನಲ್ಲಿ ಮದ್ರಾಸ್ ವಕೀಲರ ಸಂಘದ ಪ್ರಕರಣದಲ್ಲಿ ಕೋರ್ಟ್ ಅವುಗಳಿಗೆ ತಿದ್ದುಪಡಿ ಸೂಚಿಸಿ, ಅವಧಿ ಐದು ವರ್ಷವೇ ಇರಬೇಕೆಂದಿತು. ಸರ್ಕಾರಿ ಮನೆ ದೊರೆಯದಿದ್ದಲ್ಲಿ ಅಧ್ಯಕ್ಷರಿಗೆ ತಿಂಗಳಿಗೆ 1.5 ಲಕ್ಷ, ಸದಸ್ಯರಿಗೆ 1.25 ಲಕ್ಷ ರೂಪಾಯಿ ಮನೆ ಬಾಡಿಗೆ ಭತ್ಯೆ ಕೊಡಬೇಕೆಂದೂ ಹೇಳಿತು. ದೇಶದ ಅತ್ಯುನ್ನತ ನ್ಯಾಯಾಲಯ ಮನೆ ಬಾಡಿಗೆಯ ದರ ಬರೆಯುವ ಮಟ್ಟಕ್ಕೆ ಇಳಿಯಬೇಕಾಯಿತೆಂದರೆ ಮಾತುಕತೆ ಎಷ್ಟು ಮುರಿದುಬಿದ್ದಿತ್ತು ಎಂಬುದನ್ನು ಅಂದಾಜು ಮಾಡಬಹುದು.

ಮುಂದೆ ನಡೆದದ್ದು ಹಾವು-ಏಣಿ ಆಟ. 2021ರ ಏಪ್ರಿಲಿನಲ್ಲಿ ಸುಗ್ರೀವಾಜ್ಞೆಯ ಮೂಲಕ ಅವಧಿಯನ್ನು ನಾಲ್ಕು ವರ್ಷಕ್ಕೆ ಇಳಿಸಲಾಯಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿತು. ಆಗಸ್ಟಿನಲ್ಲಿ ಸಂಸತ್ತು ಅದೇ ನಾಲ್ಕು ವರ್ಷ, ಅದೇ ಐವತ್ತರ ವಯೋಮಿತಿಯನ್ನು ಕಾಯ್ದೆಯ ರೂಪದಲ್ಲಿ ಮತ್ತೆ ತಂದಿತು. ಭತ್ಯೆಗಳನ್ನು ಅದೇ ವೇತನ ಪಡೆಯುವ ಕೇಂದ್ರ ಸರ್ಕಾರಿ ಅಧಿಕಾರಿಯ ಭತ್ಯೆಗೆ ಕಟ್ಟಿಹಾಕಿತು. ಮರುನೇಮಕಕ್ಕೂ ಅವಕಾಶ ಕೊಟ್ಟಿತು. 2025ರ ನವೆಂಬರ್ 19ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಕೆ. ವಿನೋದ್ ಚಂದ್ರನ್ ಅವರ ಪೀಠ, ರದ್ದಾದ ಅಂಶಗಳನ್ನೇ ಅಲ್ಪಸ್ವಲ್ಪ ಬದಲಿಸಿ ಮರಳಿ ತರಲಾಗಿದೆ ಎಂದು ಆ ಕಾಯ್ದೆಯ ಮುಖ್ಯ ಕಲಮುಗಳನ್ನು ತಳ್ಳಿಹಾಕಿತು. ನಾಲ್ಕು ತಿಂಗಳೊಳಗೆ ರಾಷ್ಟ್ರೀಯ ನ್ಯಾಯಮಂಡಳಿ ಆಯೋಗ ರಚಿಸುವಂತೆ ಕೇಂದ್ರಕ್ಕೆ ನಿರ್ದೇಶನ ನೀಡಿತು. ನ್ಯಾಯಮಂಡಳಿಗಳ ಮೇಲ್ವಿಚಾರಣೆಗೆ ಸ್ವತಂತ್ರ ಸಂಸ್ಥೆ ಬೇಕೆಂದು ಚಂದ್ರಕುಮಾರ್ ಪ್ರಕರಣದಲ್ಲಿ ಇದೇ ನ್ಯಾಯಾಲಯ ಹೇಳಿದ್ದು 1997ರಲ್ಲಿ. ಒಂದು ತಲೆಮಾರೇ ಕಳೆದುಹೋಗಿತ್ತು.

ಮೂರನೆಯ ಸಂಗತಿ ಹುದ್ದೆಯಿಂದ ಇಳಿದ ನಂತರದ್ದು. ತಮ್ಮ ಮುಂದೆ ಕಕ್ಷಿದಾರರಾಗಿ ಬಂದವರ ಬಳಿ ಎರಡು ವರ್ಷದವರೆಗೆ ಉದ್ಯೋಗ ಸ್ವೀಕರಿಸುವಂತಿಲ್ಲ ಎಂದು 2010ರ ಕಾಯ್ದೆ ಸದಸ್ಯರನ್ನು ನಿರ್ಬಂಧಿಸಿತು. ಒಳ್ಳೆಯ ನಿಯಮ. ಆದರೆ ಅದರ ಕೆಳಗೇ ಒಂದು ವಿನಾಯಿತಿ: ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ, ಶಾಸನಬದ್ಧ ಪ್ರಾಧಿಕಾರ, ನಿಗಮ, ಸರ್ಕಾರಿ ಕಂಪೆನಿಗಳ ಉದ್ಯೋಗಕ್ಕೆ ಈ ನಿರ್ಬಂಧ ಅನ್ವಯಿಸದು. ಖಾಸಗಿ ಸಿಮೆಂಟ್ ಕಾರ್ಖಾನೆಯ ಬಾಗಿಲು ಮುಚ್ಚಿ, ಸರ್ಕಾರಿ ಗಣಿ ಕಂಪೆನಿಯ ಬಾಗಿಲನ್ನು ತೆರೆದಿಟ್ಟಂತಾಯಿತು. ಅತಿ ಹೆಚ್ಚು ಬಾರಿ ಕಟಕಟೆಗೆ ಬರುವ ಕಕ್ಷಿದಾರನಿಗೇ ಈ ರಿಯಾಯಿತಿ. ಯಾವ ಸದಸ್ಯರ ಪ್ರಾಮಾಣಿಕತೆಯನ್ನೂ ಇದರಿಂದ ಶಂಕಿಸಬೇಕಾಗಿಲ್ಲ. ಆದರೆ ಶಂಕೆಗೆ ಎಡೆ ಕೊಡದಿರುವುದೂ ನ್ಯಾಯದಾನದ ಭಾಗವೇ.

ಇದುವರೆಗೆ ಹೇಳಿದ್ದು ಪೀಠದಲ್ಲಿ ಕೂರುವ ಸದಸ್ಯರ ಮಾತಾಯಿತು. ಪೀಠದ ಪಕ್ಕದಲ್ಲಿ ಕೂರಬೇಕಾದ ಸಲಹೆಗಾರರ ಸ್ಥಿತಿ ಇನ್ನೂ ವಿಚಿತ್ರ. ನಿರ್ದಿಷ್ಟ ಪ್ರಕರಣವೊಂದರಲ್ಲಿ ವಿಶೇಷ ಜ್ಞಾನವುಳ್ಳ ಯಾರನ್ನಾದರೂ ನೆರವಿಗೆ ಆಹ್ವಾನಿಸಲು ಕಾಯ್ದೆಯ 4ನೇ ಕಲಮಿನ 2ನೇ ಉಪಕಲಮು ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿದೆ. ಅಪರೂಪದ, ಬಲು ಉಪಯುಕ್ತವಾದ ಅಧಿಕಾರ. ಆದರೆ ಹಾಗೆ ಬಂದವರಿಗೆ ಎಷ್ಟು ಸಂಭಾವನೆ, ಯಾವ ಲೆಕ್ಕದಿಂದ ಎಂಬ ಬಗ್ಗೆ ಆ ಕಲಮು ಮೌನ ತಾಳುತ್ತದೆ. ಸದಸ್ಯರ ವೇತನಕ್ಕೆ ಕಾಯ್ದೆಯಲ್ಲೇ ಪ್ರತ್ಯೇಕ ಕಲಮಿದೆ, ಅವರ ಪಿಂಚಣಿ ಕಡಿತಕ್ಕೂ ನಿಯಮವಿದೆ. ಸಲಹೆಗಾರನ ವಿಷಯ ಬಂದಾಗ ಮಾತ್ರ ಕಾಯ್ದೆ ಆಹ್ವಾನಪತ್ರಿಕೆ ಬರೆದು ನಿಲ್ಲಿಸಿದೆ.

ಈ ಖಾಲಿ ಜಾಗವನ್ನು ತುಂಬಿದ್ದು ಜಂಟಿ ಸಮಿತಿ ಎಂಬ ಪದ್ಧತಿ. ದೂರು ಬಂದೊಡನೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ ಇವರ ಪ್ರತಿನಿಧಿಗಳ ಸಮಿತಿ ರಚಿಸಿ ಸ್ಥಳ ಪರಿಶೀಲಿಸಿ ವರದಿ ಕೊಡಿ ಎನ್ನುವುದು ನ್ಯಾಯಮಂಡಳಿಯ ವಾಡಿಕೆಯಾಯಿತು. ಸಮನ್ವಯ ಮತ್ತು ಪಾಲನೆಗೆ ರಾಜ್ಯ ಮಂಡಳಿಯೇ ನೋಡಲ್ ಸಂಸ್ಥೆ ಎಂಬ ವಾಕ್ಯ ಆದೇಶಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಇದರ ಅನುಕೂಲ ಸ್ಪಷ್ಟ: ಈ ಅಧಿಕಾರಿಗಳಿಗೆ ಬೇರೆ ಸಂಭಾವನೆ ಕೊಡಬೇಕಾಗಿಲ್ಲ, ಅವರಿಗೆ ಅವರ ಇಲಾಖೆಯೇ ಸಂಬಳ ಕೊಡುತ್ತದೆ. ಅದರ ದೋಷವೂ ಅದೇ ವಾಕ್ಯದಲ್ಲಿದೆ: ಅವರಿಗೆ ಅವರ ಇಲಾಖೆಯೇ ಸಂಬಳ ಕೊಡುತ್ತದೆ. ಕಾರ್ಖಾನೆಗೆ ಒಪ್ಪಿಗೆ ಪತ್ರ ಕೊಟ್ಟ ಮಂಡಳಿಯ ಅಧಿಕಾರಿಯೇ ಆ ಒಪ್ಪಿಗೆ ಸರಿಯಾಗಿತ್ತೇ ಎಂದು ವರದಿ ಬರೆಯಬೇಕಾಗುತ್ತದೆ.

ಮಲಿನಗೊಂಡ ನದಿಭಾಗಗಳ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ದೇಶದಲ್ಲಿ ಇಂತಹ 351 ನದಿಭಾಗಗಳಿವೆ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿತು. ಕರ್ನಾಟಕದ ಪಾಲು 17. ಪ್ರತಿ ರಾಜ್ಯದಲ್ಲೂ ನದಿ ಪುನಶ್ಚೇತನ ಸಮಿತಿ ರಚಿಸಿ ಕ್ರಿಯಾ ಯೋಜನೆ ತಯಾರಿಸಬೇಕೆಂದು ನ್ಯಾಯಮಂಡಳಿ ಆದೇಶಿಸಿತು. ಸಮಿತಿಯ ಸದಸ್ಯರು ಯಾರು? ಪರಿಸರ ಇಲಾಖೆ, ನಗರಾಭಿವೃದ್ಧಿ ಇಲಾಖೆ, ಕೈಗಾರಿಕಾ ಇಲಾಖೆಗಳ ನಿರ್ದೇಶಕರು ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸದಸ್ಯ ಕಾರ್ಯದರ್ಶಿ. ಊರ ಚರಂಡಿ ನದಿ ಸೇರಿದ್ದು ನಗರಾಡಳಿತದ ವೈಫಲ್ಯದಿಂದ. ಕಾರ್ಖಾನೆಯ ಕೊಳಚೆ ಸೇರಿದ್ದು ಕೈಗಾರಿಕಾ ಇಲಾಖೆ ಮತ್ತು ಮಂಡಳಿಗಳ ಕಣ್ಣೆದುರಿಗೆ. ಕೆಲಸ ಮಾಡಿಸಲು ಇವರೇ ಬೇಕು ಎಂಬುದು ಸರಿ. ಆದರೆ ಕೆಲಸ ಆಯಿತೇ ಎಂದು ಅಳೆಯುವವರೂ ಇವರೇ ಆಗಬಾರದು.

ಬೆಂಗಳೂರಿನವರಿಗೆ ಇನ್ನೊಂದು ಬಗೆಯ ಸಮಿತಿ ಪರಿಚಿತ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಹೊತ್ತಿ ಉರಿದಾಗ ಪ್ರಕರಣ ನ್ಯಾಯಮಂಡಳಿಯ ಮುಂದಿತ್ತು. 2018ರ ಡಿಸೆಂಬರ್ 6ರ ಆದೇಶದಲ್ಲಿ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ವಿಧಿಸಿ, ಕೆರೆಗಳ ಪುನಶ್ಚೇತನಕ್ಕೆಂದು 500 ಕೋಟಿ ರೂಪಾಯಿಯನ್ನು ಪ್ರತ್ಯೇಕ ಖಾತೆಯಲ್ಲಿಡುವಂತೆ ಸೂಚಿಸಿತು. ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರೂ ಅದರಲ್ಲಿದ್ದರು. ಅಧಿಕಾರಿಗಳದ್ದೇ ಸಮಿತಿಗಿಂತ ಇದು ಎಷ್ಟೋ ಮೇಲು. ಆದರೆ ಇದೂ ಆಯಾ ಪ್ರಕರಣಕ್ಕೆ, ಆಯಾ ಆದೇಶಕ್ಕೆ ಕಟ್ಟುಬಿದ್ದ ಏರ್ಪಾಡು. ಗೌರವಧನ, ಪ್ರಯಾಣ, ಸಹಾಯಕ ಸಿಬ್ಬಂದಿ, ನೀರಿನ ಮಾದರಿ ಪರೀಕ್ಷೆಯ ಖರ್ಚು ಇವಕ್ಕೆ ದೇಶಕ್ಕೆಲ್ಲ ಅನ್ವಯವಾಗುವ ದರಪಟ್ಟಿಯೊಂದನ್ನು ಕಾಯ್ದೆ ಕೊಟ್ಟಿಲ್ಲ. ತಜ್ಞರ ಸೌಜನ್ಯದ ಮೇಲೆ, ನಾಗರಿಕ ಕಾಳಜಿಯ ಮೇಲೆ ಎಷ್ಟು ದಿನ ಬಂಡಿ ಓಡಬಲ್ಲದು?

ಸಮಿತಿಗಳ ಮೇಲಿನ ಈ ಅವಲಂಬನೆಯನ್ನು ಸುಪ್ರೀಂ ಕೋರ್ಟೇ ಗುರುತಿಸಿದೆ. 2022ರ ಜನವರಿಯಲ್ಲಿ ಗುಜರಾತಿನ ಕಾಂಠಾ ವಿಭಾಗ ಯುವ ಕೋಳಿ ಸಮಾಜದ ಪ್ರಕರಣದಲ್ಲಿ, ತಾನು ನಿರ್ಣಯಿಸಬೇಕಾದ ಪ್ರಶ್ನೆಯನ್ನು ಸಮಿತಿಗೆ ಒಪ್ಪಿಸಿ ಕೈಬಿಡಲು ನ್ಯಾಯಮಂಡಳಿಗೆ ಅವಕಾಶವಿಲ್ಲ ಎಂದು ಅದು ಸ್ಪಷ್ಟಪಡಿಸಿತು. ತಜ್ಞ ಸದಸ್ಯರಿರುವ ಪೀಠ ತಜ್ಞತೆಯನ್ನು ಹೊರಗಿನಿಂದ ಎರವಲು ತರುವುದು ವಿಪರ್ಯಾಸವೇ ಸರಿ. ಆದರೆ ತಜ್ಞ ಸದಸ್ಯರ ಸ್ಥಾನಗಳೇ ಖಾಲಿ ಇದ್ದಾಗ, ಕರೆದ ಸಲಹೆಗಾರನಿಗೆ ಕೊಡಲು ದರಪಟ್ಟಿಯೇ ಇಲ್ಲದಿರುವಾಗ ಪೀಠಕ್ಕೆ ಉಳಿಯುವ ದಾರಿ ಯಾವುದು? ಸಮಿತಿಗಳ ಹಾವಳಿಯನ್ನು ಟೀಕಿಸುವವರು ಅದರ ಹಿಂದಿರುವ ಹಣದ ಪ್ರಶ್ನೆಯನ್ನೂ ಎತ್ತಬೇಕು.

ಕಾನೂನು ಆಯೋಗ ಮಾದರಿಯಾಗಿ ನೋಡಿದ ದೇಶಗಳು ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಎದುರಿಸಿದ್ದವು. ನ್ಯೂಜಿಲೆಂಡಿನ 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆ ಪರಿಸರ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಜೊತೆಗೆ ಆಯುಕ್ತರಿಗೂ ಸ್ಥಾನ ಕಲ್ಪಿಸಿತು. ಅವರಲ್ಲದೆ, ನ್ಯಾಯಾಲಯದ ಸದಸ್ಯನಲ್ಲದಿದ್ದರೂ ಅದರೊಂದಿಗೆ ಕುಳಿತು ನೆರವಾಗುವ ವಿಶೇಷ ಸಲಹೆಗಾರ ಎಂಬ ಹುದ್ದೆಯನ್ನೂ ಸೃಷ್ಟಿಸಿತು. ಆಯುಕ್ತರಿಗೂ ಸಲಹೆಗಾರರಿಗೂ ಶುಲ್ಕ, ಪ್ರಯಾಣ ಭತ್ಯೆಗಳು ಯಾವ ಕಾನೂನಿನಡಿ ಸಲ್ಲಬೇಕೆಂಬುದನ್ನು ಅದೇ ಕಾಯ್ದೆಯಲ್ಲಿ ಬರೆಯಲಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಭೂಮಿ ಮತ್ತು ಪರಿಸರ ನ್ಯಾಯಾಲಯ 1980ರಲ್ಲಿ ಕೆಲಸ ಆರಂಭಿಸಿತು. ಅಲ್ಲಿನ ಆಯುಕ್ತರ ವೇತನವನ್ನು ಪರಿಸರ ಇಲಾಖೆಯ ಬದಲು ಶಾಸನಬದ್ಧ ಹುದ್ದೆಗಳ ಸಂಭಾವನೆಯನ್ನು ನಿರ್ಧರಿಸುವ ಪ್ರತ್ಯೇಕ ಮಂಡಳಿಗೆ ವಹಿಸಲಾಯಿತು. ಸ್ವೀಡನ್ನಿನಲ್ಲಿ ತಾಂತ್ರಿಕ ಪರಿಣತರು ಭೂಮಿ ಮತ್ತು ಪರಿಸರ ನ್ಯಾಯಾಲಯದ ನ್ಯಾಯಾಧೀಶರೇ ಆಗಿರುತ್ತಾರೆ. ನಾವು ಪೀಠದ ವಿನ್ಯಾಸವನ್ನು ಎರವಲು ತಂದೆವು. ಅದನ್ನು ಎತ್ತಿಹಿಡಿದ ಸಂಭಾವನೆಯ ಏರ್ಪಾಡನ್ನು ಅಲ್ಲೇ ಬಿಟ್ಟುಬಂದೆವು.

ಖರ್ಚಿನ ಆಕ್ಷೇಪ ಬರುವುದು ಸಹಜ. ಬಡ ದೇಶದಲ್ಲಿ ನಿವೃತ್ತರಿಗೂ ಪ್ರಾಧ್ಯಾಪಕರಿಗೂ ಲಕ್ಷಾಂತರ ಕೊಡಬೇಕೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ತಿಂಗಳಿಗೆ 2,25,000 ರೂಪಾಯಿಯ ದರದಲ್ಲಿ ಹತ್ತು ತಜ್ಞ ಸದಸ್ಯರ ವರ್ಷದ ಮೂಲವೇತನ ಒಟ್ಟು 2.70 ಕೋಟಿ ರೂಪಾಯಿ. ಬೆಳ್ಳಂದೂರಿನ ಒಂದೇ ಆದೇಶದಲ್ಲಿ ಪ್ರತ್ಯೇಕವಾಗಿಡಲು ಹೇಳಿದ ಮೊತ್ತ 500 ಕೋಟಿ. ಕೆರೆ ಕೆಡುವ ಮೊದಲೇ ಸರಿಯಾದ ಪ್ರಶ್ನೆ ಕೇಳುವವರಿಗೆ ಕೊಡುವ ಸಂಬಳ, ಕೆಟ್ಟ ನಂತರ ಹೂಳೆತ್ತಲು ಸುರಿಯುವ ಹಣದ ಮುಂದೆ ಏನೂ ಅಲ್ಲ. ಹಣ ಕೊಟ್ಟ ಮಾತ್ರಕ್ಕೆ ಸ್ವಾತಂತ್ರ್ಯ ಬರುವುದೇ ಎಂಬುದು ಇನ್ನೊಂದು ಆಕ್ಷೇಪ. ಬರುವುದಿಲ್ಲ. ಆದರೆ ಹಣದ ದಾರಿ ಒಬ್ಬನೇ ಕಕ್ಷಿದಾರನ ಕೈಯಲ್ಲಿದ್ದರೆ ಸ್ವಾತಂತ್ರ್ಯ ವ್ಯಕ್ತಿಯ ಸ್ವಭಾವವನ್ನೇ ನಂಬಿ ನಿಲ್ಲಬೇಕಾಗುತ್ತದೆ. ಸಂಸ್ಥೆಗಳನ್ನು ಕಟ್ಟುವುದು ಹಾಗೆ ನಂಬಿ ಕೂರಬೇಕಾಗದಿರಲಿ ಎಂದೇ.

ನ್ಯಾಯಮಂಡಳಿ ಆಯೋಗ ಯಾವ ರೂಪದಲ್ಲಿ ನಿಂತರೂ ಹಸಿರು ನ್ಯಾಯಮಂಡಳಿಯ ಮಟ್ಟಿಗೆ ನಾಲ್ಕು ವಿಷಯಗಳು ಇತ್ಯರ್ಥವಾಗಬೇಕು. ಒಂದು, ಅದರ ಅನುದಾನ ಪರಿಸರ ಸಚಿವಾಲಯದ ಕೈಯಿಂದ ಬಿಡುಗಡೆಯಾಗಬೇಕು. ವೇತನವನ್ನು ಕಾನೂನಿನಲ್ಲೇ ನಮೂದಿಸಬೇಕು. ಎರಡು, ಸೇವೆಯಲ್ಲಿರುವ ವಿಜ್ಞಾನಿಗಳು ಮಾತೃಸಂಸ್ಥೆಯಲ್ಲಿನ ತಮ್ಮ ಹುದ್ದೆ, ಜ್ಯೇಷ್ಠತೆ, ನಿವೃತ್ತಿ ಸೌಲಭ್ಯಗಳನ್ನು ಕಳೆದುಕೊಳ್ಳದೆ ಐದು ವರ್ಷ ಪೀಠಕ್ಕೆ ಬಂದು ಮರಳುವಂತಾಗಬೇಕು; ಮರುನೇಮಕದ ಆಮಿಷ ಇರಕೂಡದು. ಮೂರು, ನಿವೃತ್ತಿಯ ನಂತರದ ನಿರ್ಬಂಧ ಸರ್ಕಾರಿ ಹುದ್ದೆಗಳಿಗೂ ಅನ್ವಯವಾಗಬೇಕು. ನಾಲ್ಕು, ಮತ್ತು ಎಲ್ಲಕ್ಕಿಂತ ಸುಲಭವಾದದ್ದು, ಪ್ರತಿ ಪೀಠವೂ ವಿಷಯವಾರು ಸಲಹೆಗಾರರ ಪಟ್ಟಿಯನ್ನೂ ದಿನದ ಶುಲ್ಕ, ಪ್ರಯಾಣ, ಪರೀಕ್ಷಾ ವೆಚ್ಚಗಳ ದರಪಟ್ಟಿಯನ್ನೂ ಪ್ರಕಟಿಸಿ, ಆ ಹಣವನ್ನು ತನ್ನದೇ ಲೆಕ್ಕದಿಂದ ಪಾವತಿಸಬೇಕು. ಯಾವ ಪ್ರಕರಣದಲ್ಲಿ ಯಾರಿಗೆ ಎಷ್ಟು ಸಂದಿತು ಎಂಬುದು ಆದೇಶದ ಜೊತೆಯಲ್ಲೇ ಸಾರ್ವಜನಿಕರಿಗೆ ತಿಳಿಯಬೇಕು.

ಬೆಳ್ಳಂದೂರಿನಿಂದ ಹೊರಟ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹರಿಯುತ್ತದೆ. ಅದರ ದಡದಲ್ಲಿ ಸೊಪ್ಪು ತರಕಾರಿ ಬೆಳೆಯುವ ರೈತನಿಗೆ ನೀರಿನಲ್ಲಿ ಏನಿದೆ ಎಂದು ಪರೀಕ್ಷಿಸಿ ಹೇಳುವವರು ಬೇಕು. ಸಾವಿರ ರೂಪಾಯಿ ಕಟ್ಟಿ ಆತ ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು ಎಂದು ಕಾನೂನು ಭರವಸೆ ಕೊಟ್ಟಿದೆ. ಒಳಗೆ ಕುಳಿತವರು ಯಾರ ಹಂಗಿಗೂ ಒಳಗಾಗದೆ ಉತ್ತರಿಸಬೇಕಾದರೆ ಅವರ ಸಂಬಳದ ಚೀಟಿಗೆ ಸಹಿ ಹಾಕುವವರು ಯಾರೆಂಬುದನ್ನು ಮೊದಲು ಸರಿಪಡಿಸಬೇಕು.